ಓಟಕ್ಕೆ ಸ್ಮಾರ್ಟ್‌ವಾಚೋ, ಜಿಪಿಎಸ್ ವಾಚೋ: ಕೊಳ್ಳುವ ಮುನ್ನ ಮತ್ತು ಕೊಂಡ ಮೊದಲ ವಾರದಲ್ಲಿ ಮಾಡಬೇಕಾದ ಕೆಲಸಗಳು

ಹುಬ್ಬಳ್ಳಿ-ಧಾರವಾಡದ ಓಟಗಾರರಿಂದ ಪದೇ ಪದೇ ಕೇಳಿಬರುವ ದೂರುಗಳು ಮೂರು. “ಜಿಪಿಎಸ್ ಇದೆ ಎಂದು ಕೊಂಡೆ, ಮೊಬೈಲ್ ಮನೆಯಲ್ಲಿ ಬಿಟ್ಟು ಹೋದರೆ ನಕ್ಷೆಯೇ ಬರುವುದಿಲ್ಲ.” “ದಿನವೂ ಅದೇ ದಾರಿಯಲ್ಲಿ ಓಡುತ್ತೇನೆ, ವಾಚ್ ಮಾತ್ರ ದಿನಕ್ಕೊಂದು ದೂರ ತೋರಿಸುತ್ತದೆ.” “ಹಾಫ್ ಮ್ಯಾರಥಾನ್ ಮುಗಿಯುವ ಮೊದಲೇ ಚಾರ್ಜ್ ಮುಗಿಯಿತು.” ಮೂರಕ್ಕೂ ಮೂಲ ಒಂದೇ. ಮೊದಲು ಕಂಪನಿಯನ್ನೋ ಬೆಲೆಯನ್ನೋ ನೋಡಿ ವಾಚ್ ಆರಿಸುತ್ತೇವೆ, ನಮ್ಮ ಓಟಕ್ಕೆ ಏನು ಬೇಕು ಎಂದು ಆಮೇಲೆ ಯೋಚಿಸುತ್ತೇವೆ. ಈ ಕ್ರಮವನ್ನು ತಿರುಗಿಸಬೇಕು. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಒಂದನೇ ಹಂತದಲ್ಲೇ ಕೆಲವರ ಹಣ ಉಳಿಯುತ್ತದೆ.

ಇಲ್ಲಿ ಸ್ಮಾರ್ಟ್‌ವಾಚ್ ಎಂದರೆ ಕರೆ, ಸಂದೇಶ, ಆ್ಯಪ್‌ಗಳೇ ಮುಖ್ಯವಾಗಿದ್ದು ಓಟವೂ ಒಂದು ಸೌಲಭ್ಯವಾಗಿರುವ ವಾಚ್: ಆ್ಯಪಲ್ ವಾಚ್, ಗ್ಯಾಲಕ್ಸಿ ವಾಚ್, ಮತ್ತು ಕಡಿಮೆ ಬೆಲೆಯ ಹತ್ತಾರು ಬ್ರ್ಯಾಂಡ್‌ಗಳು. ಜಿಪಿಎಸ್ ವಾಚ್ ಎಂದರೆ ಓಟವನ್ನು ಅಳೆಯುವುದಕ್ಕೆಂದೇ ರೂಪಿಸಿದ್ದು: ಗಾರ್ಮಿನ್ ಫೋರ್‌ರನ್ನರ್ ಸರಣಿ, ಕೋರೋಸ್ ಪೇಸ್ ಸರಣಿ, ಪೋಲಾರ್, ಸುಂಟೋ. ಅಮೇಜ್‌ಫಿಟ್‌ನಂಥವು ಇವೆರಡರ ನಡುವೆ ನಿಲ್ಲುತ್ತವೆ.

ಕೈಯಲ್ಲಿ ಇರಬೇಕಾದ್ದು

ಈಗಿರುವ ಮೊಬೈಲ್ ಮತ್ತು ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳಲು ಒಂದು ಪಟ್ಟಿ. ಒಂದು ಸಣ್ಣ ನೋಟ್‌ಬುಕ್. 400 ಮೀಟರ್ ಟ್ರ್ಯಾಕ್ ಇರುವ ಯಾವುದಾದರೂ ಮೈದಾನ, ಧಾರವಾಡದವರಿಗೆ ಆರ್.ಎನ್. ಶೆಟ್ಟಿ ಕ್ರೀಡಾಂಗಣ ಅನುಕೂಲ. ಜೊತೆಗೆ ಮೂರು ವಾರಗಳ ತಾಳ್ಮೆ. ರಿಯಾಯಿತಿ ಮಾರಾಟ ಇಂದೇ ಮುಗಿಯುತ್ತದೆ ಎಂಬ ಆತುರವಿದ್ದರೂ ತಾಳಿ, ಇನ್ನೊಂದು ಮಾರಾಟ ಬಂದೇ ಬರುತ್ತದೆ.

ಹಂತ 1: ನಿಮಗೆ ಜಿಪಿಎಸ್ ಬೇಕೇ ಎಂದು ತೀರ್ಮಾನಿಸಿ

ಧಾರವಾಡದಲ್ಲಿ ಬೆಳಿಗ್ಗೆ ಮೈದಾನಕ್ಕೆ ಬರುವವರಲ್ಲಿ ಬಹಳಷ್ಟು ಜನ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಹುಡುಗ-ಹುಡುಗಿಯರು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಟ್ರ್ಯಾಕಿನಲ್ಲಿ ಅದು ನಾಲ್ಕು ಸುತ್ತು, ಸುತ್ತಿಗೆ 97.5 ಸೆಕೆಂಡು. ಇದಕ್ಕೆ ಉಪಗ್ರಹದ ಅಗತ್ಯವೇ ಇಲ್ಲ. ಪ್ರತಿ ಸುತ್ತಿನ ಹೊತ್ತನ್ನು ಬೇರೆಯಾಗಿ ದಾಖಲಿಸುವ ಲ್ಯಾಪ್ ಗುಂಡಿಯಿರುವ ಸಾದಾ ಡಿಜಿಟಲ್ ವಾಚ್ ಸಾಕು. ಮೊದಲ ಸುತ್ತನ್ನು 85 ಸೆಕೆಂಡಿನಲ್ಲಿ ಓಡಿ ಮೂರನೆಯದರಲ್ಲಿ ಕುಸಿಯುತ್ತಿದ್ದೀರಿ ಎಂಬುದನ್ನು ಅದೇ ತಿಳಿಸುತ್ತದೆ. ಮೇಲಾಗಿ, ಸಣ್ಣ ತಿರುವುಗಳಲ್ಲಿ ಜಿಪಿಎಸ್ ದುರ್ಬಲ. ಟ್ರ್ಯಾಕ್ ಅಂಥದ್ದೇ ಜಾಗವಾದ್ದರಿಂದ ದುಬಾರಿ ವಾಚಿಗಿಂತ ಸುತ್ತಿನ ಎಣಿಕೆಯೇ ಅಲ್ಲಿ ಹೆಚ್ಚು ನಂಬಿಕೆಯದ್ದು. ಈ ಗುಂಪಿನವರು ಇಲ್ಲಿಗೇ ನಿಲ್ಲಿಸಿ, ಆ ಹಣವನ್ನು ಒಳ್ಳೆಯ ಬೂಟಿಗೆ ಹಾಕಿ ಎಂದು ಮನಃಪೂರ್ವಕವಾಗಿ ಹೇಳುತ್ತೇನೆ.

ಟ್ರ್ಯಾಕಿನಲ್ಲಿ ಎಲ್ಲರೂ ಮಾಡುವ ಒಂದು ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. 400 ಮೀಟರ್ ಎಂಬುದು ಅತ್ಯಂತ ಒಳಗಿನ ಲೇನಿನ ಅಳತೆ. ಪ್ರತಿ ಲೇನಿನ ಅಗಲ 1.22 ಮೀಟರ್ ಆಗಿರುವುದರಿಂದ ಒಂದೊಂದು ಲೇನ್ ಹೊರಗೆ ಹೋದಂತೆ ಸುತ್ತಿಗೆ ಏಳೂವರೆ ಮೀಟರಿನಷ್ಟು ದೂರ ಸೇರುತ್ತದೆ. ಎಂಟನೇ ಲೇನಿನಲ್ಲಿ ಒಂದು ಸುತ್ತು 450 ಮೀಟರ್ ದಾಟುತ್ತದೆ. ಹೊರಗಿನ ಲೇನಿನಲ್ಲಿ ಓಡಿ “ವಾಚ್ ಹೆಚ್ಚು ತೋರಿಸುತ್ತಿದೆ” ಎಂದು ದೂರುವವರನ್ನು ಸಾಕಷ್ಟು ಕಂಡಿದ್ದೇನೆ. ಆ ಜಾಗದಲ್ಲಿ ವಾಚ್ ಹೇಳಿದ್ದೇ ಸರಿ.

ರಸ್ತೆಯಲ್ಲಿ, ಕೆರೆ ಸುತ್ತ, ಗುಡ್ಡದಲ್ಲಿ ಓಡುವವರು, 10 ಕಿ.ಮೀ. ಅಥವಾ ಅದಕ್ಕಿಂತ ಹೆಚ್ಚಿನ ಗುರಿ ಇರುವವರು ಮುಂದೆ ಓದಿ.

ಹಂತ 2: ಮೂರು ವಾರ ಮೊಬೈಲಿನಲ್ಲೇ ಓಡಿ, ಬರೆದಿಡಿ

ಸ್ಟ್ರಾವಾದಂಥ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಂಡು ಮೊಬೈಲನ್ನು ಸೊಂಟಕ್ಕೆ ಕಟ್ಟಿ ಓಡಿ. ಪ್ರತಿ ಓಟದ ನಂತರ ನೋಟ್‌ಬುಕ್ಕಿನಲ್ಲಿ ನಾಲ್ಕೇ ವಿಷಯ ಬರೆಯಿರಿ: ಎಷ್ಟು ಹೊತ್ತು ಓಡಿದಿರಿ, ಎಲ್ಲಿ ಓಡಿದಿರಿ, ಓಟದ ನಡುವೆ ಏನನ್ನು ನೋಡಬೇಕೆನಿಸಿತು, ಮೊಬೈಲ್ ಜೊತೆಗಿದ್ದದ್ದು ಕಿರಿಕಿರಿಯಾಯಿತೋ ಧೈರ್ಯ ಕೊಟ್ಟಿತೋ.

ನಾಲ್ಕನೆಯ ಉತ್ತರಕ್ಕೆ ಬಹಳ ಬೆಲೆಯಿದೆ. ಮೊಬೈಲ್ ಹೇಗೂ ಒಯ್ಯುವವರು ನೀವಾದರೆ ವಾಚಿನ ಮೇಲೆ ದೊಡ್ಡ ಮೊತ್ತ ಸುರಿಯುವ ಅಗತ್ಯ ಕಡಿಮೆ. ಮೂರನೆಯದೂ ಹಾಗೆಯೇ. ಓಟ ಮುಗಿದ ಮೇಲೆ ದೂರ ನೋಡಿದರೆ ಸಾಕು ಎನ್ನುವವರಿಗೂ, ಪ್ರತಿ ಕಿಲೋಮೀಟರಿಗೆ ವೇಗ ಸರಿಹೊಂದಿಸಿಕೊಳ್ಳುವವರಿಗೂ ಬೇಕಾದ ವಾಚುಗಳು ಬೇರೆ ಬೇರೆ.

ಮೂರು ವಾರದಲ್ಲಿ ಓಟವೇ ತಪ್ಪಿಹೋದರೆ ವಾಚ್ ಕೊಂಡರೂ ತಪ್ಪುತ್ತದೆ. ಆಗ ಕೊಳ್ಳುವುದನ್ನು ಮುಂದಕ್ಕೆ ಹಾಕಿ.

ಹಂತ 3: ಪೆಟ್ಟಿಗೆಯ ಮೇಲಿನ ‘ಜಿಪಿಎಸ್’ ಯಾರದ್ದು ಎಂದು ನೋಡಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಪೆಟ್ಟಿಗೆಯ ಮೇಲೆ, ಜಾಹೀರಾತಿನಲ್ಲಿ ಮೂರು ಬಗೆಯ ಮಾತುಗಳಿರುತ್ತವೆ.

‘ಬಿಲ್ಟ್-ಇನ್ ಜಿಪಿಎಸ್’ ಎಂದಿದ್ದರೆ ಉಪಗ್ರಹದ ಸಂಕೇತ ಹಿಡಿಯುವ ಸಾಧನ ವಾಚಿನೊಳಗೇ ಇದೆ. ಮೊಬೈಲ್ ಮನೆಯಲ್ಲಿದ್ದರೂ ನಡೆಯುತ್ತದೆ.

‘ಕನೆಕ್ಟೆಡ್ ಜಿಪಿಎಸ್’ ಎಂದಿದ್ದರೆ ವಾಚಿನಲ್ಲಿ ಅಂಥದ್ದೇನೂ ಇಲ್ಲ. ಅದು ನಿಮ್ಮ ಮೊಬೈಲಿನ ಜಿಪಿಎಸ್ ಅನ್ನು ಬ್ಲೂಟೂತ್ ಮೂಲಕ ಎರವಲು ಪಡೆಯುತ್ತದೆ. ಮೊಬೈಲ್ ಇಲ್ಲದಿದ್ದರೆ ಕೈ ಬೀಸಿದ ಲೆಕ್ಕದ ಮೇಲೆ ಹೆಜ್ಜೆ ಎಣಿಸಿ, ಹೆಜ್ಜೆಯ ಉದ್ದವನ್ನು ಅಂದಾಜು ಮಾಡಿ ದೂರ ಹೇಳುತ್ತದೆ. ಏರಿನಲ್ಲಿ ನಿಮ್ಮ ಹೆಜ್ಜೆ ಚಿಕ್ಕದಾಗುತ್ತದೆ, ಇಳಿಜಾರಿನಲ್ಲಿ ದೊಡ್ಡದಾಗುತ್ತದೆ. ಧಾರವಾಡದ ರಸ್ತೆಗಳಲ್ಲಿ ಏರಿಳಿತ ತಪ್ಪುವುದೇ ಇಲ್ಲ, ಹಾಗಾಗಿ ಈ ಅಂದಾಜು ಇಲ್ಲಿ ಕೆಲಸಕ್ಕೆ ಬಾರದು.

‘ಅಸಿಸ್ಟೆಡ್ ಜಿಪಿಎಸ್’ ಎಂಬುದು ಗೊಂದಲದ ಮಾತು. ನಿಜವಾದ ಅರ್ಥದಲ್ಲಿ, ಉಪಗ್ರಹಗಳು ಎಲ್ಲಿರುತ್ತವೆ ಎಂಬ ಮಾಹಿತಿಯನ್ನು ಇಂಟರ್ನೆಟ್ಟಿನಿಂದ ಮೊದಲೇ ಇಳಿಸಿಕೊಂಡು ಬೇಗ ಸಂಕೇತ ಹಿಡಿಯುವ ವಿಧಾನ ಅದು. ಒಳ್ಳೆಯ ವಾಚುಗಳಲ್ಲೆಲ್ಲ ಇರುತ್ತದೆ. ಆದರೆ ಅಗ್ಗದ ವಾಚುಗಳ ಪೆಟ್ಟಿಗೆಯ ಮೇಲೆ ಇದೇ ಪದವನ್ನು ‘ಮೊಬೈಲಿನ ಜಿಪಿಎಸ್ ಬಳಸುತ್ತದೆ’ ಎಂಬರ್ಥದಲ್ಲಿ ಹಾಕುತ್ತಾರೆ. ಪದವನ್ನು ನಂಬದೆ ಪರೀಕ್ಷೆ ಮಾಡಿ ತಿಳಿಯಬೇಕು. ಆ ಪರೀಕ್ಷೆ ಹಂತ 10ರಲ್ಲಿದೆ.

‘ನೂರು ಕ್ರೀಡೆಗಳ ಮೋಡ್’ ಎಂಬ ಸಾಲಿಗೂ ಜಿಪಿಎಸ್‌ಗೂ ಸಂಬಂಧವಿಲ್ಲ. ಅಂಥ ಬಹುತೇಕ ಮೋಡ್‌ಗಳು ಸಮಯ ಮತ್ತು ಹೃದಯ ಬಡಿತವನ್ನಷ್ಟೇ ಬೇರೆ ಬೇರೆ ಹೆಸರಿನಲ್ಲಿ ಬರೆದಿಡುತ್ತವೆ. ಆ ಸಂಖ್ಯೆ ನೋಡಿ ಕೊಳ್ಳಬೇಡಿ.

ಹಂತ 4: ನಿಮ್ಮ ದಾರಿಯಲ್ಲಿ ಆಕಾಶ ಎಷ್ಟು ಕಾಣುತ್ತದೆ?

ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ ಬರುವ ಸಂಕೇತ ಬಹಳ ಕ್ಷೀಣ. ತೆರೆದ ಬಯಲಿನಲ್ಲಿ ನೇರವಾಗಿ ಬರುತ್ತದೆ. ಕಟ್ಟಡಗಳ ನಡುವೆ ಗೋಡೆಗೆ ಬಡಿದು ತಿರುಗಿ ಬಂದ ಸಂಕೇತವೂ ವಾಚನ್ನು ಮುಟ್ಟುತ್ತದೆ, ಅದು ತಡವಾಗಿ ಬಂದಷ್ಟೂ ನೀವು ಬೇರೆಲ್ಲೋ ಇದ್ದೀರಿ ಎಂದು ವಾಚ್ ಭಾವಿಸುತ್ತದೆ. ಮಳೆಯಲ್ಲಿ ನೆನೆದ ದಟ್ಟ ಎಲೆಗಳ ಕೆಳಗೆ ಸಂಕೇತ ಇನ್ನಷ್ಟು ಕುಗ್ಗುತ್ತದೆ.

ಈಗ ನೋಟ್‌ಬುಕ್ ತೆರೆದು ನಿಮ್ಮ ದಾರಿಗಳನ್ನು ವಿಂಗಡಿಸಿ. ಉಣಕಲ್ ಕೆರೆಯ ದಂಡೆ, ಹಾವೇರಿ ಕಡೆಯ ಹೊಲಗಳ ನಡುವಿನ ರಸ್ತೆ, ಗದಗಿನ ಹೊರವಲಯದ ಬಯಲು ಇವೆಲ್ಲ ಸುಲಭದ ದಾರಿಗಳು. ಇಲ್ಲಿ ಸ್ವಂತ ಜಿಪಿಎಸ್ ಇರುವ ಸಾಧಾರಣ ವಾಚೂ ಚೆನ್ನಾಗಿ ಅಳೆಯುತ್ತದೆ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ ಮರಗಳ ಕೆಳಗಿನ ರಸ್ತೆಗಳು ಮಧ್ಯಮ. ಹುಬ್ಬಳ್ಳಿಯ ದುರ್ಗದಬೈಲ್ ಸುತ್ತಲಿನ ಇಕ್ಕಟ್ಟಾದ ಓಣಿಗಳು, ಮೇಲ್ಸೇತುವೆಯ ಅಡಿ, ಕಪ್ಪತಗುಡ್ಡದ ಕಣಿವೆಗಳು ಕಠಿಣ.

ಕಠಿಣ ದಾರಿಯವರು ‘ಡ್ಯುಯಲ್ ಬ್ಯಾಂಡ್’ ಅಥವಾ ‘ಡ್ಯುಯಲ್ ಫ್ರೀಕ್ವೆನ್ಸಿ’ ಎಂಬ ಸಾಲನ್ನು ಹುಡುಕಬೇಕು. ಇಂಥ ವಾಚ್ ಎಲ್1 ಮತ್ತು ಎಲ್5 ಎಂಬ ಎರಡು ತರಂಗಾಂತರಗಳಲ್ಲಿ ಕೇಳುತ್ತದೆ. ಗೋಡೆಗೆ ಬಡಿದು ಬಂದ ಸಂಕೇತವನ್ನು ನೇರ ಸಂಕೇತದಿಂದ ಬೇರ್ಪಡಿಸುವುದು ಎಲ್5ರಲ್ಲಿ ಸುಲಭ. ಸುಲಭದ ದಾರಿಯವರು ಇದಕ್ಕಾಗಿ ಹೆಚ್ಚು ಹಣ ಕೊಡುವುದು ಬೇಡ. ನಮ್ಮ ಇಸ್ರೋದ ನಾವಿಕ್ ಉಪಗ್ರಹಗಳನ್ನೂ ಹಿಡಿಯುತ್ತದೆ ಎಂದು ಬರೆದಿದ್ದರೆ ಸಂತೋಷ, ಅದೊಂದೇ ಕಾರಣಕ್ಕೆ ಕೊಳ್ಳುವುದು ಬೇಡ.

ನೃಪತುಂಗ ಬೆಟ್ಟದಂಥ ಏರಿನಲ್ಲಿ ಅಭ್ಯಾಸ ಮಾಡುವವರು ವಾಯುಭಾರ ಅಳೆಯುವ ಬ್ಯಾರೋಮೀಟರ್ ಇದೆಯೇ ನೋಡಿ. ಜಿಪಿಎಸ್ ಒಂದರಿಂದಲೇ ಲೆಕ್ಕ ಹಾಕಿದ ಎತ್ತರ ಬಹಳ ಏರುಪೇರಾಗುತ್ತದೆ. ಗಾರ್ಮಿನ್ ಫೋರ್‌ರನ್ನರ್ 55ರಲ್ಲಿ ಬ್ಯಾರೋಮೀಟರ್ ಇಲ್ಲ, 165ರಲ್ಲಿ ಇದೆ. ಓಟದ ವಾಚ್ ಎಂದ ಮಾತ್ರಕ್ಕೆ ಎಲ್ಲವೂ ಇರುತ್ತದೆ ಎಂದುಕೊಳ್ಳಬಾರದು.

ಹಂತ 5: ಬ್ಯಾಟರಿಯ ಲೆಕ್ಕ

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇರುವುದು ದಿನಗಳ ಲೆಕ್ಕ. ನಿಮಗೆ ಬೇಕಾದದ್ದು ಜಿಪಿಎಸ್ ಚಾಲೂ ಇರುವಾಗಿನ ಗಂಟೆಗಳ ಲೆಕ್ಕ. ಫೋರ್‌ರನ್ನರ್ 55ಕ್ಕೆ ಕಂಪನಿ ಹೇಳುವುದು ವಾಚಾಗಿ ಎರಡು ವಾರ, ಜಿಪಿಎಸ್‌ನಲ್ಲಿ 20 ಗಂಟೆ. ಕೋರೋಸ್ ಪೇಸ್ 3ಕ್ಕೆ ಜಿಪಿಎಸ್‌ನಲ್ಲಿ 38 ಗಂಟೆ, ಆದರೆ ಡ್ಯುಯಲ್ ಫ್ರೀಕ್ವೆನ್ಸಿ ಹಾಕಿದರೆ 15ಕ್ಕೆ ಇಳಿಯುತ್ತದೆ. ಆ್ಯಪಲ್ ವಾಚಿನ ಸಾಮಾನ್ಯ ಮಾದರಿಗಳಿಗೆ ಬಹಳ ವರ್ಷಗಳಿಂದ ಹೇಳುತ್ತ ಬಂದದ್ದು ದಿನದ ಮಿಶ್ರ ಬಳಕೆಗೆ 18 ಗಂಟೆ, ಮೊದಲ ಅಲ್ಟ್ರಾಗೆ 36.

ನಿಮ್ಮ ಅತಿ ಉದ್ದದ ಓಟದ ಹೊತ್ತನ್ನು ಎರಡರಿಂದ ಗುಣಿಸಿ. ಜಿಪಿಎಸ್ ಗಂಟೆಗಳು ಅದಕ್ಕಿಂತ ಕಡಿಮೆ ಇದ್ದರೆ ಆ ವಾಚ್ ಬೇಡ. ಬ್ಯಾಟರಿ ವರ್ಷದಿಂದ ವರ್ಷಕ್ಕೆ ಕುಗ್ಗುವುದರಿಂದ ಈ ಎರಡು ಪಟ್ಟು. ಮೂರು ಗಂಟೆಯ ಹಾಫ್ ಮ್ಯಾರಥಾನ್ ಓಡುವವರಿಗೆ ಆರು ಗಂಟೆ ಸಾಕು, ಅದನ್ನು ಒಳ್ಳೆಯ ಸ್ಮಾರ್ಟ್‌ವಾಚೂ ಕೊಡುತ್ತದೆ. ಐದಾರು ಗಂಟೆಯ ಪೂರ್ಣ ಮ್ಯಾರಥಾನ್, ಅದಕ್ಕೂ ಮಿಗಿಲಾದ ಗುಡ್ಡದ ಓಟ ಎಂದರೆ ಜಿಪಿಎಸ್ ವಾಚೇ ಆಗಬೇಕು.

ಇನ್ನೊಂದು ಸೂಕ್ಷ್ಮವಿದೆ. ಸ್ಮಾರ್ಟ್‌ವಾಚನ್ನು ದಿನವೂ ಚಾರ್ಜಿಗೆ ಇಡಬೇಕು. ಬೆಳಿಗ್ಗೆ ಐದಕ್ಕೆ ಹೊರಡುವವರು ರಾತ್ರಿ ಮರೆತರೆ ಓಟಕ್ಕೆ ವಾಚಿಲ್ಲ. ಮರೆವು ನಿಮ್ಮ ಸ್ವಭಾವವೇ ಎಂದು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಹಂತ 6: ಪರದೆ ಮತ್ತು ಗುಂಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದಲ್ಲಿ ಓಡುವವರಿಗೆ ಇದು ಸಣ್ಣ ವಿಷಯವಲ್ಲ. ಜಿಟಿಜಿಟಿ ಮಳೆಯಲ್ಲಿ ಸ್ಪರ್ಶಪರದೆಯ ಮೇಲೆ ಬಿದ್ದ ಹನಿಯನ್ನು ವಾಚ್ ಬೆರಳೆಂದು ತಿಳಿಯುತ್ತದೆ. ಪುಟ ತಾನಾಗಿ ಸರಿಯುತ್ತದೆ, ಕೆಲವೊಮ್ಮೆ ಓಟವೇ ನಿಂತುಬಿಡುತ್ತದೆ. ತೋಳುದ್ದದ ಜರ್ಕಿನ್ ಉಜ್ಜಿದರೂ ಇದೇ ಪಾಡು. ಬೇಸಿಗೆಯ ಬೆವರಿನಲ್ಲಿ ಇದಕ್ಕೆ ವಿರುದ್ಧ: ಬೆರಳಿನಿಂದ ಒತ್ತಿದರೂ ಪರದೆ ಕೇಳುವುದಿಲ್ಲ.

ಆದ್ದರಿಂದ ಆರಂಭ, ವಿರಾಮ, ಲ್ಯಾಪ್ ಈ ಮೂರೂ ಗುಂಡಿಯಿಂದಲೇ ಆಗಬೇಕು. ಗಾರ್ಮಿನ್ ಫೋರ್‌ರನ್ನರ್‌ಗಳಲ್ಲಿ ಐದು ಗುಂಡಿಗಳಿದ್ದು, ನೋಡದೆಯೇ ಒತ್ತಬಹುದು. ಸ್ಮಾರ್ಟ್‌ವಾಚ್ ಕೊಳ್ಳುವುದಾದರೆ ಓಟದ ನಡುವೆ ಪರದೆಯನ್ನು ಲಾಕ್ ಮಾಡುವ ಸೌಲಭ್ಯ ಇದೆಯೇ, ಲ್ಯಾಪಿಗೆ ಗುಂಡಿ ಹೊಂದಿಸಬಹುದೇ ಎಂದು ಕೇಳಿ.

ಪರದೆಯಲ್ಲಿ ಎರಡು ಜಾತಿ. ಅಮೋಲೆಡ್ ಬೆಳಗುವ ಪರದೆ, ನಸುಕಿನಲ್ಲಿ ಅಂದವಾಗಿ ಕಾಣುತ್ತದೆ. ಎಂಐಪಿ ಎಂಬುದು ಹೊರಗಿನ ಬೆಳಕನ್ನೇ ಪ್ರತಿಫಲಿಸುವ ಪರದೆ. ಏಪ್ರಿಲ್ ತಿಂಗಳ ಎಂಟು ಗಂಟೆಯ ಬಿಸಿಲಿನಲ್ಲಿ ಅದು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ, ಬ್ಯಾಟರಿಯನ್ನೂ ಕಡಿಮೆ ತಿನ್ನುತ್ತದೆ, ಸದಾ ಆನ್ ಇರುತ್ತದೆ. ಅಮೋಲೆಡ್ ವಾಚಿನಲ್ಲಿ ಬ್ಯಾಟರಿ ಉಳಿಸಲು ಪರದೆಯನ್ನು ಆರಿಸಿಟ್ಟರೆ ಕೈ ಎತ್ತಿದ ಮೇಲೆ ಹೊತ್ತಿಕೊಳ್ಳಲು ಅರೆಕ್ಷಣ ಬೇಕು. ವೇಗವಾಗಿ ಓಡುವಾಗ ಆ ಅರೆಕ್ಷಣ ಬೇಸರ ತರಿಸುತ್ತದೆ.

ಹಂತ 7: ಹೃದಯ ಬಡಿತ

ಎರಡೂ ಬಗೆಯ ವಾಚುಗಳು ಬಡಿತ ಅಳೆಯುವುದು ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ರಕ್ತದ ಹರಿವಿಗೆ ತಕ್ಕಂತೆ ಅದು ಹೇಗೆ ಬದಲಾಗುತ್ತದೆ ಎಂದು ನೋಡಿ. ಡಿಸೆಂಬರಿನ ಚಳಿಯಲ್ಲಿ ಚರ್ಮದ ರಕ್ತಸಂಚಾರ ಕಡಿಮೆಯಾಗಿ ಮೊದಲ ಹತ್ತು ನಿಮಿಷ ತಪ್ಪು ಬರುವುದುಂಟು. ಮಣಿಕಟ್ಟಿನ ಮೇಲೆ ಹಚ್ಚೆ ಇದ್ದರೆ ಶಾಯಿ ಬೆಳಕನ್ನು ತಡೆಯುತ್ತದೆ; ಅಂಥವರು ಇನ್ನೊಂದು ಕೈಗೆ ಕಟ್ಟಿ ನೋಡಬೇಕು.

ಎಲ್ಲರೂ ತಿಳಿದಿರಬೇಕಾದ ದೋಷ ಇನ್ನೊಂದಿದೆ. ಓಡುವಾಗ ನಿಮಿಷಕ್ಕೆ 160ರಿಂದ 180 ಹೆಜ್ಜೆ ಬೀಳುತ್ತವೆ. ವಾಚ್ ಸಡಿಲವಾಗಿದ್ದರೆ ಅದು ಹೆಜ್ಜೆಯ ಕುಲುಕಾಟವನ್ನೇ ಬಡಿತವೆಂದು ಎಣಿಸುತ್ತದೆ. ಪಕ್ಕದವರ ಜೊತೆ ಆರಾಮವಾಗಿ ಮಾತನಾಡುತ್ತ ಓಡುತ್ತಿದ್ದೀರಿ, ವಾಚ್ 172 ತೋರಿಸುತ್ತಿದೆ ಎಂದರೆ ಮೊದಲು ಬೆಲ್ಟನ್ನು ಅನುಮಾನಿಸಿ. ಮಣಿಕಟ್ಟಿನ ಎಲುಬಿನಿಂದ ಎರಡು ಬೆರಳು ಮೇಲೆ, ಅಲುಗದಷ್ಟು ಬಿಗಿಯಾಗಿ ಕಟ್ಟಿ. ಓಟ ಮುಗಿದ ಮೇಲೆ ಸಡಿಲಿಸಿ.

ಬಡಿತ ನೋಡಿಯೇ ತರಬೇತಿ ಮಾಡುವವರು ಇನ್ನೂ ದುಬಾರಿ ವಾಚಿಗೆ ಹೋಗುವ ಬದಲು ಎದೆಗೆ ಕಟ್ಟುವ ಪಟ್ಟಿ ಕೊಳ್ಳಿ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ. ಬ್ಲೂಟೂತ್ ಪಟ್ಟಿಯಾದರೆ ಆ್ಯಪಲ್ ವಾಚಿಗೂ ಹೊಂದುತ್ತದೆ. ಆ್ಯಂಟ್ ಪ್ಲಸ್ ಎಂಬ ಬೇರೊಂದು ನಿಸ್ತಂತು ವಿಧಾನ ಮಾತ್ರ ಇರುವ ಪಟ್ಟಿ ಅದಕ್ಕೆ ಹೊಂದುವುದಿಲ್ಲ. ಎದೆನೋವು, ತಲೆಸುತ್ತು, ಅಸಹಜ ಬಡಿತದ ಅನುಭವ ಆದರೆ ಯಾವ ವಾಚನ್ನೂ ಕೇಳಬೇಡಿ, ಓಟ ನಿಲ್ಲಿಸಿ ವೈದ್ಯರನ್ನು ಕಾಣಿ.

ಹಂತ 8: ಮೊಬೈಲಿಗೆ ಹೊಂದುತ್ತದೆಯೇ, ಒಂಟಿಯಾಗಿದ್ದಾಗ ನೆರವಾಗುತ್ತದೆಯೇ

ಆ್ಯಪಲ್ ವಾಚ್ ಐಫೋನಿಗೆ ಮಾತ್ರ. ಗ್ಯಾಲಕ್ಸಿ ವಾಚ್ 4 ಮತ್ತು ನಂತರದವು ಆ್ಯಂಡ್ರಾಯ್ಡ್‌ಗೆ ಮಾತ್ರ. ಗಾರ್ಮಿನ್, ಕೋರೋಸ್, ಪೋಲಾರ್, ಸುಂಟೋ, ಅಮೇಜ್‌ಫಿಟ್ ಎರಡಕ್ಕೂ ಹೊಂದುತ್ತವೆ. ಮುಂದಿನ ವರ್ಷ ಮೊಬೈಲ್ ಬದಲಿಸುವ ಯೋಚನೆ ಇದ್ದರೆ ಇದನ್ನು ಮೊದಲೇ ನೋಡಿಕೊಳ್ಳಿ.

ನಸುಕಿನಲ್ಲಿ ಒಬ್ಬರೇ ಓಡುವ ಹೆಣ್ಣುಮಕ್ಕಳಿಗೆ, ಮನೆಯಲ್ಲಿ ವಯಸ್ಸಾದ ತಂದೆ-ತಾಯಿಯನ್ನು ಬಿಟ್ಟು ಬರುವವರಿಗೆ, ಹೃದಯದ ತೊಂದರೆ ಇರುವವರಿಗೆ ನಾನು ಇ-ಸಿಮ್ ಇರುವ ಸ್ಮಾರ್ಟ್‌ವಾಚನ್ನೇ ಸೂಚಿಸುತ್ತೇನೆ. ಮೊಬೈಲ್ ಇಲ್ಲದೆಯೂ ಕರೆ ಮಾಡಬಹುದು, ಬಿದ್ದರೆ ತಾನಾಗಿ ಕರೆ ಹೋಗುವ ಸೌಲಭ್ಯವೂ ಹಲವು ಮಾದರಿಗಳಲ್ಲಿದೆ. ಬಹುತೇಕ ಗಾರ್ಮಿನ್ ಫೋರ್‌ರನ್ನರ್‌ಗಳಲ್ಲೂ ಅಪಘಾತ ಗುರುತಿಸುವ ವ್ಯವಸ್ಥೆ ಇದೆ, ಆದರೆ ಸಂದೇಶ ಹೋಗಬೇಕಾದರೆ ಮೊಬೈಲ್ ಹತ್ತಿರದಲ್ಲೇ ಇರಬೇಕು. ದೂರದ ನಿಖರತೆ ಸ್ವಲ್ಪ ಆಚೀಚೆ ಆದರೂ ಆಗಲಿ, ಜೀವರಕ್ಷಣೆಗೆ ಮೊದಲ ಸ್ಥಾನ.

ಹಂತ 9: ತೀರ್ಮಾನ

ನೋಟ್‌ಬುಕ್ ಮುಂದಿಟ್ಟುಕೊಳ್ಳಿ. ವಾರಕ್ಕೆ ಎರಡು ಮೂರು ಸಲ, ಒಂದು ಗಂಟೆಯೊಳಗೆ, ಮೊಬೈಲ್ ಜೊತೆಗೇ ಓಡುತ್ತೀರಿ, ಓಟ ಮುಗಿದ ಮೇಲೆ ದೂರ ನೋಡಿದರೆ ಸಾಕು ಎಂದಾದರೆ ಸ್ಮಾರ್ಟ್‌ವಾಚ್ ತೆಗೆದುಕೊಳ್ಳಿ. ಈಗಾಗಲೇ ಸ್ವಂತ ಜಿಪಿಎಸ್ ಇರುವ ಸ್ಮಾರ್ಟ್‌ವಾಚ್ ಕೈಯಲ್ಲಿದ್ದರೆ ಇನ್ನೊಂದು ಬೇಡವೇ ಬೇಡ.

ವಾರಕ್ಕೆ ನಾಲ್ಕು ಅಥವಾ ಹೆಚ್ಚು ದಿನ, ವೇಳಾಪಟ್ಟಿಯಂತೆ, ನಡುನಡುವೆ ವೇಗದ ಓಟ, ಹಾಫ್ ಅಥವಾ ಪೂರ್ಣ ಮ್ಯಾರಥಾನಿನ ಗುರಿ ಎಂದಾದರೆ ಜಿಪಿಎಸ್ ವಾಚ್. ಅದರಲ್ಲೂ ಆರಂಭದ ಮಾದರಿಯೇ ಸಾಕು. ನಕ್ಷೆ, ಸಂಗೀತ, ನೀಲಮಣಿ ಗಾಜು ಎಂದು ಮೇಲಕ್ಕೆ ಹೋದಷ್ಟೂ ಬೆಲೆ ಏರುತ್ತದೆ, ಓಟದ ಅಳತೆ ಅಷ್ಟೇನೂ ಸುಧಾರಿಸುವುದಿಲ್ಲ.

ಎರಡು ಮೂರು ಸಾವಿರದ ವಾಚಿನ ಮೇಲೆ ಓಟಕ್ಕಾಗಿ ಹಣ ಹಾಕಬೇಡಿ ಎಂಬುದು ನನ್ನ ಖಚಿತ ಸಲಹೆ. ಅಷ್ಟರ ಬದಲು ಮೊಬೈಲಿನಲ್ಲೇ ಮುಂದುವರಿದು ಹಣ ಕೂಡಿಡಿ.

ಹಂತ 10: ಅಂಗಡಿಯಲ್ಲಿ ಮಾಡಬೇಕಾದ್ದು

ಕೊಪ್ಪಿಕರ ರಸ್ತೆಯ ಅಂಗಡಿಯಾಗಲಿ, ಮಾಲ್ ಆಗಲಿ, ಪ್ರದರ್ಶನಕ್ಕಿಟ್ಟ ವಾಚನ್ನು ಕೈಗೆ ಕಟ್ಟಿಕೊಂಡು ನೋಡಿ. ಮೊದಲು ಆ ವಾಚ್ ಜೋಡಣೆಯಾಗಿರುವ ಮೊಬೈಲಿನ ಬ್ಲೂಟೂತ್ ಆರಿಸಲು ಹೇಳಿ. ನಂತರ ‘ಹೊರಾಂಗಣ ಓಟ’ ಆರಿಸಿ, ಅಂಗಡಿಯವರ ಒಪ್ಪಿಗೆ ಪಡೆದು ಅವರ ಜೊತೆಗೇ ಹೊರಗೆ ಬಂದು ತೆರೆದ ಜಾಗದಲ್ಲಿ ನಿಲ್ಲಿ. ಸ್ವಂತ ಜಿಪಿಎಸ್ ಇದ್ದರೆ ಕೆಲವೇ ನಿಮಿಷದಲ್ಲಿ ಸಂಕೇತ ಸಿಕ್ಕಿತೆಂದು ತೋರಿಸುತ್ತದೆ. ‘ಮೊಬೈಲ್ ಜೋಡಿಸಿ’ ಎಂದು ಕೇಳಿದರೆ ಅದು ಎರವಲು ಜಿಪಿಎಸ್.

ಒದ್ದೆ ಬೆರಳಿನಿಂದ ಪರದೆ ಮುಟ್ಟಿ ನೋಡಿ. ತೆಳು ಮಣಿಕಟ್ಟಿನವರು ವಾಚ್ ಅತ್ತಿತ್ತ ವಾಲುತ್ತದೆಯೇ ಪರೀಕ್ಷಿಸಿ. ವಾಲಿದರೆ ಬಡಿತ ಸರಿ ಬರುವುದಿಲ್ಲ. ಚಾರ್ಜರ್ ಆ ವಾಚಿಗಷ್ಟೇ ಹೊಂದುವಂಥದ್ದಾದರೆ ಬಿಡಿಯಾಗಿ ಸಿಗುತ್ತದೆಯೇ ಕೇಳಿ. ಬಿಲ್ಲು, ಭಾರತದ ವಾರಂಟಿ, ವಾಪಸಾತಿಯ ಗಡುವು ಬರಹದಲ್ಲಿ ಇರಲಿ. ದುಬೈಯಿಂದ ಬಂಧುಗಳು ತಂದುಕೊಡುತ್ತಾರೆ ಎಂದಾದರೆ ಆ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕಂಪನಿಯ ಷರತ್ತಿನಲ್ಲಿ ಓದಿಯೇ ಹೇಳಿಕಳುಹಿಸಿ. ಹಳೆಯ ವಾಚ್ ಕೊಳ್ಳುವವರು ಹಿಂದಿನ ಮಾಲೀಕರ ಖಾತೆಯಿಂದ ಅದನ್ನು ನಿಮ್ಮೆದುರೇ ಬಿಡಿಸಬೇಕೆಂದು ಪಟ್ಟು ಹಿಡಿಯಿರಿ. ಪರದೆಯ ಅಂಚು ಕಿಂಚಿತ್ ಎದ್ದಿದ್ದರೂ ಒಳಗೆ ಬ್ಯಾಟರಿ ಉಬ್ಬಿರಬಹುದು, ಅದನ್ನು ಮುಟ್ಟಬೇಡಿ.

ಹಂತ 11: ಮೊದಲ ವಾರದ ಪರೀಕ್ಷೆ

ವಾಪಸ್ ಕೊಡುವ ಗಡುವು ಮುಗಿಯುವ ಮುನ್ನ ಇವನ್ನು ಮುಗಿಸಬೇಕು.

ಓಟದ ಹಿಂದಿನ ರಾತ್ರಿ ವಾಚನ್ನು ಮೊಬೈಲಿಗೆ ಜೋಡಿಸಿ ಮಾಹಿತಿ ಹೊಂದಿಸಿ. ಉಪಗ್ರಹಗಳ ಸ್ಥಾನದ ಮುನ್ಸೂಚನೆ ಆಗ ಇಳಿಯುತ್ತದೆ. ಅದು ಕೆಲವೇ ದಿನ ಬಾಳುತ್ತದೆ. ಇದು ಇಲ್ಲದಿದ್ದರೆ ವಾಚ್ ಉಪಗ್ರಹದಿಂದಲೇ ಕೇಳಿ ತಿಳಿಯಬೇಕು. ಒಂದು ಉಪಗ್ರಹ ತನ್ನ ಕಕ್ಷೆಯ ವಿವರವನ್ನು ಪ್ರತಿ 30 ಸೆಕೆಂಡಿಗೆ ಒಮ್ಮೆ ಮರುಪ್ರಸಾರ ಮಾಡುತ್ತದೆ, ನಡುವೆ ಮರ ಅಡ್ಡ ಬಂದರೆ ಮತ್ತೆ ಕಾಯಬೇಕು. ಮನೆಯ ಪಡಸಾಲೆಯಲ್ಲಿ ಗುಂಡಿ ಒತ್ತಿ ಓಡಿಬಿಡುವವರ ಮೊದಲ ಕಿಲೋಮೀಟರ್ ಹಾಳಾಗುವುದು ಇದರಿಂದಲೇ. ಬಯಲಿಗೆ ಬಂದು ಸಂಕೇತ ಸಿಕ್ಕ ಮೇಲೂ ಇನ್ನರ್ಧ ನಿಮಿಷ ನಿಂತು ಆಮೇಲೆ ಹೊರಡಿ.

ಮೊದಲ ಪರೀಕ್ಷೆ ಟ್ರ್ಯಾಕಿನಲ್ಲಿ. ಒಳಗಿನ ಲೇನಿನಲ್ಲಿ ಹತ್ತು ಸುತ್ತು, ಅಂದರೆ 4000 ಮೀಟರ್. ವಾಚಿನಲ್ಲಿ ‘ಟ್ರ್ಯಾಕ್ ಓಟ’ ಎಂಬ ಮೋಡ್ ಇದ್ದರೆ ಅದರಲ್ಲಿ ಲೇನ್ ಸಂಖ್ಯೆ ಕೊಟ್ಟು ಇನ್ನೊಂದು ದಿನ ಓಡಿ. ಸಾಮಾನ್ಯ ಮೋಡಿನಲ್ಲಿ ನೂರು ಮೀಟರಿನಷ್ಟು ವ್ಯತ್ಯಾಸವನ್ನು ಕ್ಷಮಿಸಬಹುದು. ನಾಲ್ಕು ಕಿಲೋಮೀಟರಿಗೆ ಮುನ್ನೂರು ಮೀಟರ್ ತಪ್ಪಿದರೆ ಕ್ಷಮಿಸಲಾಗದು.

ಎರಡನೆಯದು ನಿಮ್ಮ ದಿನನಿತ್ಯದ ದಾರಿ. ಒಂದೇ ರಸ್ತೆಯಲ್ಲಿ, ರಸ್ತೆಯ ಒಂದೇ ಬದಿಯಲ್ಲಿ ಹೋಗಿ ಬನ್ನಿ. ನಂತರ ನಕ್ಷೆಯನ್ನು ದೊಡ್ಡದು ಮಾಡಿ ನೋಡಿ. ಹೋದ ಗೆರೆ, ಬಂದ ಗೆರೆ ಒಂದರ ಮೇಲೊಂದು ಕೂತಿವೆಯೇ? ಅಥವಾ ಒಂದು ಗೆರೆ ರಸ್ತೆ ಬಿಟ್ಟು ಯಾರದೋ ಮನೆಯ ಛಾವಣಿಯ ಮೇಲೆ, ಕೆರೆಯ ನೀರಿನ ಮೇಲೆ ಹಾದಿದೆಯೇ? ಒಟ್ಟು ದೂರ ಸರಿಯಾಗಿ ಕಂಡರೂ ಗೆರೆ ಅಡ್ಡಾದಿಡ್ಡಿ ಇದ್ದರೆ ಆಯಾ ಕ್ಷಣದ ವೇಗವನ್ನು ನಂಬಬಾರದು.

ಮೂರನೆಯದು ಬಡಿತ. ಓಟ ನಿಲ್ಲಿಸಿದ ಕೂಡಲೇ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ, ವಾಚಿನ ಸಂಖ್ಯೆಯ ಜೊತೆ ಹೋಲಿಸಿ. ನಾಲ್ಕನೆಯದು ಬ್ಯಾಟರಿ. ಒಂದು ಗಂಟೆಯ ಓಟಕ್ಕೆ ಶೇಕಡಾ ಎಷ್ಟು ಇಳಿಯಿತು ಎಂದು ಬರೆದು, 100ನ್ನು ಅದರಿಂದ ಭಾಗಿಸಿದರೆ ನಿಜವಾದ ಜಿಪಿಎಸ್ ಗಂಟೆಗಳು ಸಿಗುತ್ತವೆ.

ಪರದೆಯ ಮೇಲೆ ಮೂರಕ್ಕಿಂತ ಹೆಚ್ಚು ಅಂಕಿ ಇಡಬೇಡಿ: ಒಟ್ಟು ದೂರ, ಕಳೆದ ಹೊತ್ತು, ಲ್ಯಾಪ್ ಪೇಸ್ (ಆ ಲ್ಯಾಪಿನಲ್ಲಿ ಒಂದು ಕಿಲೋಮೀಟರಿಗೆ ತಗಲುವ ಸರಾಸರಿ ಹೊತ್ತು). ‘ಈ ಕ್ಷಣದ ಪೇಸ್’ ಸದಾ ಕುಣಿಯುತ್ತಿರುತ್ತದೆ, ಅದರ ಬೆನ್ನು ಹತ್ತಿದರೆ ಓಟ ಕೆಡುತ್ತದೆ. ಪ್ರತಿ ಕಿಲೋಮೀಟರಿಗೆ ತಾನಾಗಿ ಲ್ಯಾಪ್ ಆಗುವಂತೆ ಹೊಂದಿಸಿ. ‘ಪ್ರತಿ ಸೆಕೆಂಡಿಗೆ ದಾಖಲು’ ಎಂಬ ಆಯ್ಕೆ ಇದ್ದರೆ ಹಾಕಿ, ಬ್ಯಾಟರಿ ಉಳಿಸುವ ಮೋಡನ್ನು ಓಟದಲ್ಲಿ ತೆಗೆಯಿರಿ.

ಸ್ಪರ್ಧೆಯ ದಿನ ಇನ್ನೊಂದು ಗೊಂದಲ ಕಾದಿರುತ್ತದೆ. ಹಾಫ್ ಮ್ಯಾರಥಾನ್ 21.0975 ಕಿ.ಮೀ. ಇದ್ದರೂ ವಾಚ್ 21.3 ತೋರಿಸಬಹುದು. ದಾರಿಯನ್ನು ಅಳೆಯುವುದು ತಿರುವುಗಳಲ್ಲಿ ಅತಿ ಹತ್ತಿರದ ಗೆರೆ ಹಿಡಿದು. ನೀವು ಜನರನ್ನು ದಾಟುತ್ತ, ನೀರಿನ ಮೇಜಿನತ್ತ ಹೋಗುತ್ತ ಅದಕ್ಕಿಂತ ಹೆಚ್ಚು ಓಡಿರುತ್ತೀರಿ. ಆದ್ದರಿಂದ ಅಂದು ತಾನಾಗಿ ಆಗುವ ಲ್ಯಾಪನ್ನು ತೆಗೆದು, ಕಿಲೋಮೀಟರ್ ಫಲಕ ಕಂಡಾಗಲೆಲ್ಲ ಗುಂಡಿ ಒತ್ತಿ.

ಹಂತ 12: ಎಚ್ಚರಿಕೆಯ ಲಕ್ಷಣಗಳು

ತೆರೆದ ಬಯಲಿನಲ್ಲೂ ಸಂಕೇತಕ್ಕೆ ಪ್ರತಿದಿನ ಐದು ನಿಮಿಷಕ್ಕಿಂತ ಹೆಚ್ಚು ಕಾಯಬೇಕಾಗುವುದು. ಮೊಬೈಲ್ ಜೊತೆಗಿದ್ದಾಗ ಒಂದು ದೂರ, ಇಲ್ಲದಾಗ ಇನ್ನೊಂದು. ನಕ್ಷೆಯಲ್ಲಿ ತಿರುವುಗಳೆಲ್ಲ ಮೊಂಡಾಗಿ ಕತ್ತರಿಸಿದಂತೆ ಕಾಣುವುದು. ಓಟ ಮುಗಿಸಿ ಉಳಿಸುವಾಗ ವಾಚ್ ಸ್ಥಗಿತಗೊಳ್ಳುವುದು. ಓಟದ ದಾಖಲೆಯನ್ನು ಫಿಟ್ ಅಥವಾ ಜಿಪಿಎಕ್ಸ್ ಕಡತವಾಗಿ ಹೊರತೆಗೆಯಲು ಆ್ಯಪಿನಲ್ಲಿ ದಾರಿಯೇ ಇಲ್ಲದಿರುವುದು. ಹೀಗಾದರೆ ಮುಂದೆ ಕಂಪನಿ ಬದಲಿಸಿದಾಗ ನಿಮ್ಮ ವರ್ಷಗಳ ಓಟ ಅಲ್ಲೇ ಉಳಿಯುತ್ತದೆ.

ಚಾರ್ಜ್ ಆಗದಿದ್ದರೆ ವಾಚ್ ಕೆಟ್ಟಿತೆಂದು ಹೆದರುವ ಮೊದಲು ಹಿಂಬದಿಯ ಲೋಹದ ಬಿಂದುಗಳನ್ನು ನೋಡಿ. ಬೆವರಿನ ಉಪ್ಪು ಬೆಳ್ಳಗೆ ಕಟ್ಟಿರುತ್ತದೆ. ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಚಾರ್ಜಿಗೆ ಹಾಕಿ. ಒದ್ದೆ ಇರುವಾಗ ಹಾಕಿದರೆ ಬಿಂದುಗಳು ತುಕ್ಕು ಹಿಡಿಯುತ್ತವೆ. ಬೆಲ್ಟಿನ ಕೆಳಗೆ ಕೆಂಪು ಗುಳ್ಳೆ ಎದ್ದರೂ ಕಾರಣ ಬಹುತೇಕ ಇದೇ ಉಪ್ಪು ಮತ್ತು ಒದ್ದೆ. ಓಟವಾದ ಮೇಲೆ ಬೆಲ್ಟ್ ಬಿಚ್ಚಿ ಕೈಯನ್ನೂ ತೊಳೆದುಕೊಳ್ಳಿ.

ಉಳಿದ ದೋಷಗಳಿಗೆ ಮೊದಲು ವಾಚಿನ ತಂತ್ರಾಂಶವನ್ನು ನವೀಕರಿಸಿ, ಸೆಟ್ಟಿಂಗ್ ಸರಿಪಡಿಸಿ, ಅದೇ ದಾರಿಯಲ್ಲಿ ಮತ್ತೊಮ್ಮೆ ಓಡಿ. ಅದೇ ಜಾಗದಲ್ಲಿ ಅದೇ ತಪ್ಪು ಮರುಕಳಿಸಿದರೆ ಎರಡೂ ಓಟದ ನಕ್ಷೆಯ ಚಿತ್ರ ತೆಗೆದಿಟ್ಟುಕೊಂಡು, ಗಡುವಿನೊಳಗೆ ಬಿಲ್ಲಿನ ಸಮೇತ ಅಂಗಡಿಗೆ ವಾಪಸ್ ಒಯ್ಯಿರಿ.